ಕುಣಿ ತೋಡುವ ಹೊಲ

ಹರಪನಹಳ್ಳಿ,
೬–೫–೧೯೯೬

ಹಲವಾಗಲಿನ ಹುಲಿಗೆಮ್ಮನಿಗೆ,

ಇದನ್ನು ಶಾಲೆಯ ಮಾಸ್ತರರಿಂದ ಓದಿಸಿಕೊಂಡು ಕೇಳು.

೧. ನೀನು ಉಳುತ್ತಿರುವ ಹೊಳೆದಂಡೆಯ ಹೊಲವನ್ನು ನನ್ನ ಅಜ್ಜ ನಿನ್ನ ಮಾವನಿಗೆ ಉಂಬಳಿಯಾಗಿ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಸಾವಾದಾಗ ನಿಮ್ಮ ಮನೆಯವರು ಕುಣಿ ತೋಡಬೇಕೆಂಬುದೇ ಅದರ ಕರಾರು. ಪಹಣಿ ಇಂದಿಗೂ ನಮ್ಮ ಹೆಸರಿನಲ್ಲಿದೆ.

೨. ನನ್ನ ತಾಯಿ ತೀರಿಕೊಂಡ ದಿನ ಕರೆಯಲು ಬಂದ ನಮ್ಮ ಆಳಿಗೆ ನೀನು, "ನಮ್ಮನ್ಯಾಗೂ ಹೆಣ ಬಿದ್ದೈತಿ. ಇದಕ್ಕ ಯಾರು ತೋಡ್ತಾರಂತ ನಿಮ್ಮ ಧಣೀನ ಕೇಳು ಹೋಗೋ ಯಪ್ಪಾ" ಎಂದೆ. ನಿನ್ನ ಗಂಡ ಮೂಗಪ್ಪ ಅಂದು ಬೆಳಿಗ್ಗೆ ಸತ್ತಿದ್ದು ನಿಜ, ವಿಚಾರಿಸಿದ್ದೇನೆ.

೩. ಅದೇ ಸಂಜೆ ನೀನೇ ಹಾರೆ ಹಿಡಿದು ಆ ಹೊಲದಲ್ಲಿ ಅವನ ಕುಣಿ ತೋಡಿದೆ. ಅಂದರೆ, ತೋಡಬಲ್ಲ ಕೈ ನಿಮ್ಮ ಮನೆಯಲ್ಲಿತ್ತು. ನನ್ನ ತಾಯಿಗೆ ನಾನು ಕೂಲಿಯವರನ್ನು ಹುಡುಕಬೇಕಾಯಿತು.

ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಕರಾರು ಮುರಿದಿದೆ, ಅಷ್ಟೆ. ಅವನ ತಲೆಯ ಬಳಿ ನೀನು ನೆಟ್ಟಿರುವ ಕಲ್ಲು ಬೇಕಿದ್ದರೆ, ಮೊದಲ ಮಳೆಗೆ ಮುಂಚೆ ಒಯ್ದುಕೊ.

ಹೊಲವನ್ನು ಹಿಂದಕ್ಕೆ ಪಡೆದು, ಆ ಮಣ್ಣಿನ ದಿಬ್ಬವನ್ನು ಸಮ ಮಾಡಿಸಿ, ಮೆಕ್ಕೆಜೋಳ ಬಿತ್ತಿಸಲು ನಿರ್ಧರಿಸಿದ್ದೇನೆ.

ಗುರುಸಂಗಪ್ಪ
ನೀರಾವರಿ ಎಂಜಿನಿಯರ್