ಹಸಿರು ದಾರ

ಹ್ಯಾಲಿಫ್ಯಾಕ್ಸ್
೯ ಮಾರ್ಚ್ ೧೯೮೪

ಮಿಸ್ಟರ್ ಹೋಲ್ರಾಯ್ಡ್ ಅವರಿಗೆ,

ಅಪ್ಪನ ಸೇನೆಯ ಕೋಟು ಅಂಚೆಯಲ್ಲಿ ವಾಪಸ್ ಬಂತು. ಅದರ ತೋಳಿನ ಮೇಲಿದ್ದ ಕುದುರೆ ಲಾಳದ ಬ್ಯಾಡ್ಜು ಯಾವ ಕಾಲದ್ದು ಎಂದಷ್ಟೇ ನಿಮ್ಮನ್ನು ಕೇಳಿದ್ದೆ. ನೀವು ಅದನ್ನು ಬಿಚ್ಚಿ, ಹಿಂಬದಿ ನೋಡಿ, ಖಾಕಿ ದಾರದಲ್ಲಿ ಮತ್ತೆ ಹೊಲಿದು ಕಳಿಸಿದ್ದೀರಿ. ಜೊತೆಗೊಂದು ಚೀಟಿ: ‘ಬ್ಯಾಡ್ಜು ಅಸಲಿ, ಯುದ್ಧಕಾಲದ್ದು. ಹಸಿರು ದಾರ ನಿಯಮಕ್ಕೆ ವಿರುದ್ಧ, ಸರಿಪಡಿಸಿದ್ದೇನೆ.’ ಇದಕ್ಕೆ ನಾನು ಥ್ಯಾಂಕ್ಸ್ ಬೇರೆ ಹೇಳಬೇಕೇನೋ!

ಹಳೆಯ ಸೇನಾ ಬ್ಯಾಡ್ಜುಗಳ ಸಂಗ್ರಾಹಕರ ಸಭೆಯಲ್ಲಿ ಕೋಟು ನಿಮ್ಮ ಕೈಗೆ ಕೊಟ್ಟಾಗಲೇ ನೀವು, “ಯಾರ್ರೀ ಇದನ್ನ ಹೊಲಿದೋರು? ಕಣ್ಮುಚ್ಕೊಂಡು ಹೊಲಿದ ಹಾಗಿದೆ!” ಎಂದಿರಿ. “ನಮ್ಮಮ್ಮ” ಎಂದೆ. “ಹಾಗಾದ್ರೆ ಅಡುಗೆ ಚೆನ್ನಾಗಿ ಮಾಡ್ತಿದ್ರು ಬಿಡಿ” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

೧೯೪೦ರ ಚಳಿಗಾಲದಲ್ಲಿ ಅಪ್ಪ ಕುದುರೆಗೆ ಲಾಳ ಕಟ್ಟುವ ಪರೀಕ್ಷೆ ಪಾಸು ಮಾಡಿ, ಆ ಬ್ಯಾಡ್ಜು ಪಡೆದು ರಜೆಗೆ ಬಂದಿದ್ದ. ಮನೆಯಲ್ಲಿ ಖಾಕಿ ದಾರ ಇರಲಿಲ್ಲ. ಅಮ್ಮ ತನ್ನ ಹಸಿರು ಫ್ರಾಕಿನ ಅಂಚು ಬಿಚ್ಚಿ, ಆ ದಾರದಲ್ಲೇ ಬ್ಯಾಡ್ಜು ಹೊಲಿದಳು. ಅಪ್ಪ ಹೊರಟುಹೋದ ಮರುವಾರ ಶೆಫೀಲ್ಡಿನ ನಮ್ಮ ಬೀದಿಯ ಮೇಲೆ ಬಾಂಬು ಬಿತ್ತು. ನಾನು ಅಜ್ಜಿಯ ಮನೆಯಲ್ಲಿದ್ದೆ. ಅಮ್ಮನ ಫೋಟೋ, ಕಾಗದ, ಕೊನೆಗೆ ಒಂದು ಗುಂಡಿ ಕೂಡ ಉಳಿಯಲಿಲ್ಲ. ಅವಳ ಕೈಯಿಂದಾದದ್ದು ಎಂದು ನನ್ನ ಬಳಿ ಇದ್ದದ್ದು ಆ ಸೊಟ್ಟ ಹೊಲಿಗೆಯೊಂದೇ.

ನಿಮ್ಮ ಖಾಕಿ ದಾರವನ್ನು ಬಿಚ್ಚಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಅದರ ಒಂದೆಳೆಯೂ ನನಗೆ ಬೇಡ. ಹಸಿರು ದಾರವನ್ನು ಕಳಿಸಿ, ತುಂಡುತುಂಡಾಗಿದ್ದರೂ ಸರಿ. ಕಸದ ಬುಟ್ಟಿಗೆ ಹಾಕಿದ್ದರೆ ಬುಟ್ಟಿಯನ್ನು ಮುಟ್ಟಬೇಡಿ. ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ನಾನೇ ಬಂದು ಹುಡುಕುತ್ತೇನೆ.

ಇಂತಿ,
ಎಡ್ನಾ ಕ್ರ್ಯಾಬ್‌ಟ್ರೀ