ಮೀಸೆ ಭಾವನ ತುಕ್ಕು

ನನ್ನ ಮನೆಯ ಯಜಮಾನಿಗೆ,

ನೀನು ಓದುವುದಿಲ್ಲ ಎಂದು ಗೊತ್ತಿದ್ದೇ ಈ ಕಾಗದ ಬರೆಯುತ್ತಿದ್ದೇನೆ. ನಾನೇ ಓದಿ ಹೇಳಿದರೂ ಯಾರದೋ ಮನೆಯ ಕಥೆಯೆಂದು ಕೇಳಿಸಿಕೊಂಡು ಕೂರುತ್ತೀಯ. ಪಕ್ಕದ ಕೋಣೆಯಲ್ಲೇ ಇದ್ದೀಯ. ನಿನಗೆ ಮರೆವು ಶುರುವಾಗಿ ಎರಡು ವರ್ಷವಾಯಿತು, ನನ್ನ ಗುರುತು ಹೋಗಿ ಇವತ್ತಿಗೆ ಹದಿನೇಳು ದಿನ.

ಗೋಡೆಯ ಮೇಲಿನವರ ಗುರುತು ಮಾತ್ರ ಒಂದೂ ಹೋಗಿಲ್ಲ. ನಾನು ಪ್ರೊಜೆಕ್ಟರ್ ನಡೆಸುತ್ತಿದ್ದ ಚಿತ್ರಮಂದಿರ ಮುಚ್ಚಿ ಗೋದಾಮಾದಾಗ ನನಗೆ ಹಿಡಿದ ಹುಚ್ಚು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಳೆಯ ಕಾಲದ ತಾರೆಯರ ಮುಖವಿರುವ ತಗಡಿನ ಫಲಕಗಳನ್ನು ಒಂದೊಂದಾಗಿ ತಂದು ನಡುಮನೆ, ಪಡಸಾಲೆ, ಕೊನೆಗೆ ಬಚ್ಚಲಿನ ಬಾಗಿಲಿಗೂ ಹೊಡೆದೆ. ನೀನು ಅವರನ್ನೆಲ್ಲ ನೆಂಟರು ಮಾಡಿಕೊಂಡೆ. ಕತ್ತಿ ಹಿಡಿದವನು ಮೀಸೆ ಭಾವ, ಕೆನ್ನೆಯ ಮೇಲೆ ಹನಿ ಇದ್ದವಳು ಕಣ್ಣೀರು ಅತ್ತಿಗೆ. "ಅತ್ತಿಗೆ ಮುಖ ಒರೆಸಿ ಬರ್ತೀನಿ, ಪಾಪ, ಅವಳಿಗೆ ಯಾರಿದಾರೆ" ಎನ್ನುತ್ತಾ ದಿನವೂ ಧೂಳು ಹೊಡೆಯುತ್ತಿದ್ದೆ.

ಒಮ್ಮೆ ನೀನು, ಮಗಳು ಶಾಲೆಗೆ ಸೇರಿದ ದಿನದ ಫೋಟೋ ಹಿಡಿದು ಬಂದು ಒಂದು ಮೊಳೆಯ ಜಾಗ ಕೇಳಿದ್ದೆ. "ಈ ಗೋಡೆಗೆ ಅದು ಹೊಂದಲ್ಲ ಕಣೇ" ಎಂದಿದ್ದೆ ನಾನು. ನೀನು ನಮ್ಮ ಮದುವೆಯ ಫೋಟೋ ಇದ್ದ ಬೀರುವಿನಲ್ಲೇ, ಬಟ್ಟೆಗಳ ಅಡಿಯಲ್ಲಿ, ಅದನ್ನೂ ಇಟ್ಟೆ.

ಮೊನ್ನೆ ಡಾಕ್ಟರಮ್ಮ ಹೇಳಿದರು, "ಮನೆಯವರ ಫೋಟೋ ಕಣ್ಣಿಗೆ ಬೀಳೋ ಹಾಗೆ ಹಾಕಿ. ದಿನಾ ನೋಡಿದ ಮುಖ ಉಳಿದ್ರೂ ಉಳೀಬಹುದು." ಮಗಳು ನನ್ನ ಕಡೆ ನೋಡಿದಳು. ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದವನೇ ಕಣ್ಣೀರು ಅತ್ತಿಗೆಯನ್ನು ಇಳಿಸಿ, ಆ ಮೊಳೆಗೆ ನಮ್ಮ ಮದುವೆಯ ಫೋಟೋ ಹಾಕಿದೆ. ನೀನು ತುಂಬಾ ಹೊತ್ತು ನೋಡಿದೆ. ಆಮೇಲೆ ಅದರಲ್ಲಿದ್ದ ನನ್ನ ಮುಖದ ಮೇಲೆ ಬೆರಳಿಟ್ಟು, "ಇವರು ಯಾವ ಸಿನಿಮಾದೋರು?" ಎಂದು ಕೇಳಿದೆ. ನಾನು ನಕ್ಕುಬಿಟ್ಟೆ. ಅಡುಗೆಮನೆಗೆ ಹೋಗಿ ಅತ್ತೆ.

ಇವತ್ತು ಬೆಳಿಗ್ಗೆ ಉಳಿದ ಫಲಕಗಳನ್ನೂ ಇಳಿಸುವಾಗ ಬೀರುವಿನ ಹಿಂದೆ ಮೀಸೆ ಭಾವ ಸಿಕ್ಕಿದ. ಅವನೇ ಈ ಮನೆಗೆ ಬಂದ ಮೊದಲನೆಯವನು. ಹಳೆಯದಂತೆ ಕಾಣಲೆಂದು ಅಂಗಡಿಯವರು ಹೊಸ ತಗಡಿಗೆ ಉಪ್ಪುನೀರು ಬಿಟ್ಟು ಬೇಕೆಂದೇ ತುಕ್ಕು ಹಿಡಿಸಿದ ಫಲಕವದು. ಆ ತುಕ್ಕಿಗೇ ಬೆಲೆ ಎಂದು ನಿನಗೆ ಯಾರು ಹೇಳಿದ್ದರು? ಅದನ್ನು ತಂದ ಹೊಸದರಲ್ಲಿ, ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ನೀನು ಪಾತ್ರೆ ಉಜ್ಜುವ ಕಂಬಿನಾರು ಹಿಡಿದು, ಅರ್ಧ ಮೀಸೆ, ಒಂದು ಕೆನ್ನೆ ಸಮೇತ ತಿಕ್ಕಿ ಫಳಫಳ ಮಾಡಿಟ್ಟಿದ್ದೆ. "ದುಡ್ಡು ಕೊಟ್ಟು ತುಕ್ಕು ಹಿಡಿದಿದ್ದು ತಂದಿದೀರಲ್ಲ, ಸ್ವಲ್ಪ ಚೊಕ್ಕ ಮಾಡಿದೆ" ಎಂದು ಹೊಗಳಿಕೆಗಾಗಿ ಕಾದು ನಿಂತಿದ್ದೆ. ನಾನು ಬೀದಿಗೆ ಕೇಳಿಸುವಂತೆ ಕೂಗಾಡಿದೆ. "ಹಳೇದರ ಬೆಲೆ ನಿನಗೇನು ಗೊತ್ತು?" ಎಂದೆ. ಮಗಳು ಬಾಗಿಲ ಹಿಂದೆ ಸೇರಿಕೊಂಡಳು. ಫಲಕವನ್ನು ಬೀರುವಿನ ಹಿಂದೆ ಎಸೆದು, ನಾಲ್ಕು ದಿನ ನಿನ್ನೊಂದಿಗೆ ಮಾತು ಬಿಟ್ಟೆ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನನಗೆ ಮರೆತೇ ಹೋಗಿತ್ತು.

ಇವತ್ತು ನೀನು ಆ ಮೀಸೆ ಭಾವನನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡೆ. ನೀನು ಉಜ್ಜಿದ್ದ ಜಾಗದಲ್ಲಿ ಈಗ ನಿಜವಾದ ತುಕ್ಕು ಬಂದಿದೆ. ಅದರ ಮೇಲೆ ಬೆರಳಾಡಿಸಿದೆ. ಥಟ್ಟನೆ ಬಾಗಿಲ ಕಡೆ ನೋಡಿ, ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದೆ. "ಇದನ್ನ ಎಲ್ಲಾದ್ರೂ ಬಚ್ಚಿಡಿ. ನಮ್ಮನೆಯವರು ಬರೋ ಹೊತ್ತಾಯ್ತು. ನೋಡಿದ್ರೆ ಬೈತಾರೆ."

ಹದಿನೇಳು ದಿನಗಳ ಮೇಲೆ ನಾನು ನಿನಗೆ ನೆನಪಾದೆ, ಹೀಗೆ.

"ಬೈಯಲ್ಲ ಅವರು" ಎಂದೆ. "ನಿಮಗೆ ಗೊತ್ತಿಲ್ಲ ಅವರ ವಿಷಯ" ಎಂದೆ ನೀನು. ಆ ಮನುಷ್ಯ ನಾನೇ ಎಂದು ಯಾವ ಬಾಯಿಂದ ಹೇಳಲಿ? ಫಲಕವನ್ನು ಮತ್ತೆ ಬೀರುವಿನ ಹಿಂದೆ ತಳ್ಳಿ ಬಂದೆ. ನಿನಗೆ ಜೀವ ಬಂದಂತಾಯಿತು. ನನ್ನ ಕೈ ತಟ್ಟಿ, "ಒಳ್ಳೆಯವರು ನೀವು" ಎಂದೆ.

ಇನ್ನು ನನ್ನ ಗುರುತು ಹಿಡಿಯೆಂದು ನಿನ್ನನ್ನು ಪೀಡಿಸುವುದಿಲ್ಲ. ಮದುವೆಯ ಫೋಟೋವನ್ನೂ ಇಳಿಸಿದ್ದೇನೆ. ಆ ಮೊಳೆಗೆ ಮಗಳ ಫೋಟೋ ಹಾಕಿದ್ದೇನೆ, ಅದು ಇರಲಿ, ಅವಳು ನಿನಗೆ ಯಾವತ್ತೂ ಬೈದವಳಲ್ಲ. ನೀನು ಕಾದು ಬೆದರುವ ಆ ಮನುಷ್ಯ ಈ ಬಾಗಿಲಿಗೆ ಮತ್ತೆಂದೂ ಬಾರದಿರಲಿ. ನೀನು ನೆಮ್ಮದಿಯಿಂದ ನಿದ್ದೆ ಮಾಡು, ತಾಯಿ.

ಇಂತಿ,
ತಗಡು ಬಚ್ಚಿಟ್ಟುಕೊಟ್ಟವನು