ಹಾಜರಿಲ್ಲದ ಹದಿನೇಳನೇ ನಂಬರು

ಸ್ಟಾಫ್ ರೂಮು, ಕಿಟಕಿ ಪಕ್ಕದ ಕುಂಟು ಮೇಜು
ಗುರುವಾರ, ೧೪ನೇ ತಾರೀಖು

ಪ್ರೀತಿಯ ಪುಟ್ಟೀ,

ನಲವತ್ತೊಂಬತ್ತು ವರ್ಷ ವಯಸ್ಸಿನ, ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಯೂ ಸ್ವಸ್ಥ ಮನಸ್ಸು ಉಳಿಸಿಕೊಂಡಿರುವ ನಾನು, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಮೊನ್ನೆ ನಾನು ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯನ್ನು ಕದ್ದು ಬರೆದಿದ್ದೇನೆ. ವಿವರ ಆಮೇಲೆ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಮೇಷ್ಟರಾಗಲು ತರಬೇತಿಗೆ ಹೋದವಳು ಗಂಟಲು ಕೆಡಿಸಿಕೊಂಡರೆ ಕಮ್ಮಾರ ಸುತ್ತಿಗೆ ಕಳೆದುಕೊಂಡ ಹಾಗೆ. ಹಾಸ್ಟೆಲ್ಲಿನಲ್ಲಿ ಬಿಸಿನೀರು ಕೊಡುತ್ತಾರೋ, ಬರೀ ಬಿಸಿಬಿಸಿ ಸುತ್ತೋಲೆ ಕೊಡುತ್ತಾರೋ? ನಿನ್ನಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ. ರಕ್ತದೊತ್ತಡ ಏರಿದೆ, ಡಾಕ್ಟರು ಉಪ್ಪು ಬಿಡಿ ಅಂದರು. ಬಿಡಬೇಕಾದದ್ದು ಉಪ್ಪನ್ನಲ್ಲ, ಟಿಪ್‌ಟಾಪನ್ನು.

ಟಿಪ್‌ಟಾಪ್ ಅಂದರೆ ಈ ವರ್ಷ ಬಂದ ಇನ್ನೊಬ್ಬ ಇಂಗ್ಲಿಷ್ ಮೇಷ್ಟರು. ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮಾತು. ನಮ್ಮಲ್ಲಿ ಪಾಠ ಮಾಡಿದವನೇ ಪೇಪರ್ ತಿದ್ದುವ ಹಾಗಿಲ್ಲವಲ್ಲ, ಹಾಗಾಗಿ ನನ್ನ ಹತ್ತನೇ ತರಗತಿಯ ಎರಡೂ ಸೆಕ್ಷನ್ ಅವನ ಪಾಲಿಗೆ ಬಂದಿವೆ. ಗೈಡಿನಿಂದ ಮಾದರಿ ಉತ್ತರ ಎತ್ತಿ ಒಂದು ಕೀ ತಯಾರಿಸಿಕೊಂಡಿದ್ದಾನೆ. ಹೆಸರಿಗೆ ಕೀ; ಅದು ಬಾಗಿಲು ತೆರೆದದ್ದನ್ನು ನಾನು ಕಾಣೆ, ಮಕ್ಕಳ ತಲೆಗೆ ಬೀಗ ಜಡಿದದ್ದೇ ಕಂಡಿದ್ದು. ಪದ್ಯವೊಂದರಲ್ಲಿ ಮುದುಕನೊಬ್ಬ ಸಸಿ ನೆಡುತ್ತಾನೆ. ತಾನು ನೆರಳಲ್ಲಿ ಕೂರಲಾರದ ಮರವನ್ನು ಅವನೇಕೆ ನೆಟ್ಟ ಎಂಬುದು ಐದು ಅಂಕದ ಪ್ರಶ್ನೆ. ಎ ಸೆಕ್ಷನ್ನಿನಲ್ಲಿ ಟೈಲರನ ಮಗಳೊಬ್ಬಳಿದ್ದಾಳೆ, ವರ್ಷಕ್ಕೆ ನಾಲ್ಕು ಮಾತಾಡುವ ಹುಡುಗಿ. ಅವಳು ಬರೆದದ್ದು ಇಷ್ಟೇ: ಮನೆಯಲ್ಲಿ ಮುದುಕನ ಮಾತು ಕೇಳುವವರಿಲ್ಲ, ಸಸಿಗೆ ದಿನಾ ನೀರು ಬೇಕು, ಆದ್ದರಿಂದ ಅವನಿಗಾಗಿ ಕಾಯುವ ಜೀವ ಒಂದಾದರೂ ಇರುತ್ತದೆ. ಇಂಗ್ಲಿಷಿನಲ್ಲಿ ನಾಲ್ಕು ತಪ್ಪಿದ್ದವು ಪುಟ್ಟೀ, ಆದರೂ ಓದಿ ಕನ್ನಡಕ ಒರೆಸಿಕೊಂಡೆ. ಟಿಪ್‌ಟಾಪ್ ಐದಕ್ಕೆ ಒಂದು ಕೊಟ್ಟಿದ್ದಾನೆ. ಎರಡೇ ಅಂಕದಲ್ಲಿ ಹುಡುಗಿ ಫೇಲು. ಈಗ ಫೇಲಾದವರನ್ನು ಪಬ್ಲಿಕ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಿಸ್ಸು ನೋಟೀಸು ಹಾಕಿದ್ದಾರೆ, ಪಟ್ಟಿ ನಾಳೆ ಸಂಜೆ ಹೋಗುತ್ತದೆ. ಅಲ್ಲಿ ಕೂರದಿದ್ದರೆ ಹೊಲಿಗೆ ಮೆಷಿನ್ ಮುಂದೆ ಕೂರುತ್ತಾಳೆ. ಅವಳಪ್ಪ ಗೇಟಿನ ಹತ್ತಿರ ಹಿಡಿದು ಹೇಳಿಯೂ ಆಯಿತು: “ಪಾಸಾದ್ರೆ ಓದ್ಲಿ ಸಾರ್, ಇಲ್ದಿದ್ರೆ ಕಾಜಾ ಗುಂಡಿ ನೋಡ್ಕೊಳ್ಳಿ.”

ಟಿಪ್‌ಟಾಪ್ ಹತ್ತಿರ ಜಗಳಕ್ಕೆ ಹೋದೆ. “ಸಾರ್, ನೀವು ಹಿರಿಯರು. ಆದ್ರೆ ಕೀಯಲ್ಲಿ ಇಲ್ದೇ ಇರೋದಕ್ಕೆ ನಾನ್ಹೇಗೆ ಮಾರ್ಕ್ಸ್ ಹಾಕ್ಲಿ? ನಾಳೆ ಎಲ್ರೂ ಮನಸ್ಸಿಗೆ ಬಂದಿದ್ದು ಬರೀತಾರೆ” ಅಂದ. ಅಯ್ಯಾ ಪುಣ್ಯಾತ್ಮ, ಮನಸ್ಸಿಗೆ ಬಂದದ್ದನ್ನು ಬರೆಯಲಿ ಅಂತಲೇ ಅಲ್ಲವೇ ಸಾಹಿತ್ಯ ಪಾಠ ಮಾಡುವುದು! ನನ್ನ ಮಾತೆಲ್ಲ ಬೋರ್ಗಲ್ಲ ಮೇಲೆ ಸುರಿದ ಮಳೆ. ಆಗಲೇ ಹೊಳೆದದ್ದು ಈ ಕಿತಾಪತಿ. ಬಿ ಸೆಕ್ಷನ್ನಿನ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಅದರಲ್ಲಿ ಹದಿನೇಳನೇ ನಂಬರಿನವನು ಊರು ಬಿಟ್ಟು ಮೂರು ತಿಂಗಳಾದರೂ ಹಾಜರಿ ಪುಸ್ತಕದಲ್ಲಿ ಮಾತ್ರ ಚಿರಂಜೀವಿ. ಉಳಿದಿದ್ದ ಒಂದು ಖಾಲಿ ಉತ್ತರ ಪತ್ರಿಕೆ ತೆಗೆದು, ಅಕ್ಷರಗಳನ್ನು ಗುಂಡುಗುಂಡಗೆ ಮಾಡಿ, ಮರ್ಯಾದಸ್ಥ ಮಗು ಮಾಡುವಷ್ಟು ತಪ್ಪು ಸೇರಿಸಿ, ಇಡೀ ಪೇಪರ್ ಬರೆದು ಕಟ್ಟಿನೊಳಗೆ ತೂರಿಸಿದೆ. ಮುದುಕನ ಪ್ರಶ್ನೆಗೆ ಮಾತ್ರ ಕಣ್ಣು ಮುಚ್ಚಿ ಯೋಚಿಸಿ, ಎದೆಯಾಳದಿಂದ ಬರೆದಿದ್ದೇನೆ. ಆ ಕೀಯನ್ನು ಕಣ್ಣೆತ್ತಿಯೂ ನೋಡಿಲ್ಲ. ಹುಲಿ ಹಸಿದರೂ ಹುಲ್ಲು ತಿನ್ನದು, ನಿನ್ನಪ್ಪ ಫೇಲಾದರೂ ಗೈಡು ತಿನ್ನುವುದಿಲ್ಲ. ಟಿಪ್‌ಟಾಪ್ ನನಗೂ ಒಂದೋ ಒಂದೂವರೆಯೋ ಬಿಸಾಕುತ್ತಾನೆ. ನಾಳೆ ಎರಡೂ ಪೇಪರ್ ಹೆಡ್‌ಮಿಸ್ಸಿನ ಮುಂದಿಟ್ಟು, “ನೋಡಿ ಮೇಡಂ, ಇಪ್ಪತ್ತೆರಡು ವರ್ಷ ಸರ್ವೀಸಾದವನೇ ಫೇಲು ಅಂದ್ರೆ ಫೇಲಾಗಿರೋದು ಕೀ” ಅನ್ನುತ್ತೇನೆ. ಸ್ವಂತ ಮಾತಿಗೆ ಬೆಲೆ ಏನೆಂದು ಈ ಶಾಲೆಗೆ ಒಬ್ಬನಾದರೂ ತೋರಿಸಬೇಕಲ್ಲ.

ಗಂಟಲಿಗೆ ಬಿಸಿ, ತಲೆಗೆ ತಂಪು, ಮಕ್ಕಳ ಮೇಲೆ ತಾಳ್ಮೆ, ಈ ಮೂರೂ ನಿನಗೆ ತುಂಬಿ ಬರಲಿ. ಅಮ್ಮ ಸ್ವೆಟರ್ ಹಾಕಿಕೋ ಅಂದಿದ್ದಾಳೆ.

ಫೇಲಾಗಲು ತುದಿಗಾಲಲ್ಲಿ ನಿಂತಿರುವ
ನಿನ್ನ ಅಪ್ಪ

ತಾ.ಕ.: ಶುಕ್ರವಾರ, ಕೊನೇ ಪೀರಿಯಡ್, ಅವಸರದಲ್ಲಿ. ಕಟ್ಟು ಬಂತು. ಹದಿನೇಳನೇ ನಂಬರಿಗೆ ಮುದುಕನ ಪ್ರಶ್ನೆಯಲ್ಲಿ ಐದಕ್ಕೆ ಐದು. ಅಂಚಿನಲ್ಲಿ ಕೆಂಪು ಶಾಯಿಯ ಷರಾ: ಶಭಾಷ್, ಕೀಯಲ್ಲಿ ಇರುವ ಹಾಗೆಯೇ ಇದೆ. ನಂಬದೆ ಕೀ ತರಿಸಿ ಓದಿದೆ. ಅವೇ ನಾಲ್ಕು ಅಂಶ, ಅದೇ ಸಾಲಾಗಿ. ಎದೆಯಾಳದಿಂದ ಎದ್ದು ಬಂದಿದ್ದ ‘ನಿಸ್ವಾರ್ಥ ಸೇವೆಯ ಪ್ರತೀಕ’ ಕೂಡ ಅದೇ ಜಾಗದಲ್ಲಿ ಕೂತಿದೆ. ಪಟ್ಟಿ ಸಂಜೆ ಹೋಗಿಬಿಡುತ್ತಲ್ಲ, ಮಾನ ಜೇಬಿಗಿಳಿಸಿ ಎರಡೂ ಪೇಪರ್ ಹಿಡಿದು ಹೆಡ್‌ಮಿಸ್ಸಿನ ಹತ್ತಿರ ಹೋದೆ. “ಇದಕ್ಕೆ ಐದು, ಇದಕ್ಕೆ ಒಂದು ಕೊಟ್ಟಿದ್ದಾರೆ ಮೇಡಂ, ನೀವೇ ಓದಿ” ಅಂದೆ. ಹುಡುಗಿಯದನ್ನು ಎರಡು ಸಲ ಓದಿದರು. ಒಂದನ್ನು ಹೊಡೆದು ನಾಲ್ಕು ಮಾಡಿ ಸಹಿ ಹಾಕಿದರು. ಹುಡುಗಿ ಪಾಸು! ಎದ್ದು ಹೊರಟೆ. ಅಷ್ಟರಲ್ಲಿ ಇನ್ನೊಂದನ್ನು ಎತ್ತಿಕೊಂಡು, “ಇದ್ಯಾರ್ರೀ ಹದಿನೇಳು? ಬರೀ ಗಿಣಿಪಾಠ. ಸ್ವಂತ ತಲೆ ಅನ್ನೋದೇ ಇಲ್ಲ ಈ ಮಗೂಗೆ. ಪಕ್ಕದಲ್ಲಿ ಕೂರಿಸ್ಕೊಂಡು ನೀವೇ ಸ್ವಲ್ಪ ತಿದ್ದಿ” ಅಂದರು. “ಆಗ್ಲಿ ಮೇಡಂ” ಅಂದೆ, “ಇವತ್ತು ಮನೆಗೆ ಹೋದ ತಕ್ಷಣ ಶುರು ಮಾಡ್ತೀನಿ.”